ಓದುಗರ ಪ್ರಶ್ನೆಗೆ ಉತ್ತರ: ಆಂಟೀಟಮ್‌ನ ಹೊಲಗಳು

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಆಂಟೀಟಮ್ ಕದನ ನಡೆದ ನೆಲವನ್ನು 1862ರಲ್ಲಿ ಇದ್ದಂತೆಯೇ ಉಳಿಸಿಕೊಂಡಿದ್ದಾರೆ, ಅಲ್ಲಿ ಈಗಲೂ ಬೇಸಾಯ ನಡೆಯುತ್ತದೆ ಎಂದು ಓದಿದ್ದೇನೆ. ಅಷ್ಟೊಂದು ರಕ್ತ ಹರಿದ ನೆಲವನ್ನು ಹೊಲವಾಗಿಯೇ ಬಿಟ್ಟದ್ದೇಕೆ? ಅಲ್ಲಿ ಇಂದು ಕಾಣುವುದರಲ್ಲಿ ಅಂದಿನದು ಎಷ್ಟು?

ಉತ್ತರ: ನೀವು ಓದಿದ್ದು ಬಹುಪಾಲು ಸರಿ. ಆದರೆ ‘ಇದ್ದಂತೆಯೇ ಉಳಿಸಿಕೊಂಡಿದ್ದಾರೆ’ ಎನ್ನುವುದಕ್ಕಿಂತ ‘ಇದ್ದಂತೆ ಮತ್ತೆ ಮಾಡಿಕೊಂಡಿದ್ದಾರೆ’ ಎನ್ನುವುದು ಹೆಚ್ಚು ಸರಿಯಾದೀತು. ಇನ್ನು ಅದು ಹೊಲವಾಗಿ ಉಳಿದದ್ದರ ಹಿಂದೆ ಭಾವನೆಗಿಂತ ಹೆಚ್ಚಾಗಿ ಖರ್ಚಿನ ಲೆಕ್ಕಾಚಾರವಿತ್ತು.

ಮೊದಲು ಕದನದ ವಿಷಯ. 1862ರ ಸೆಪ್ಟೆಂಬರ್ 17ರಂದು ಮೇರಿಲ್ಯಾಂಡ್ ರಾಜ್ಯದ ಶಾರ್ಪ್ಸ್‌ಬರ್ಗ್ ಎಂಬ ಸಣ್ಣ ಊರಿನ ಸುತ್ತ, ಆಂಟೀಟಮ್ ಹೊಳೆಯ ಬದಿಯಲ್ಲಿ, ರಾಬರ್ಟ್ ಲೀಯ ದಕ್ಷಿಣದ ಸೇನೆಯೂ ಜಾರ್ಜ್ ಮೆಕ್ಲೆಲನ್‌ನ ಉತ್ತರದ ಸೇನೆಯೂ ಬೆಳಗಿನಿಂದ ಸಂಜೆಯವರೆಗೆ ಕಾದಿದವು. (ಹೊಳೆಯ ಹೆಸರಿನಿಂದ ಕದನವನ್ನು ಕರೆದವರು ಉತ್ತರದವರು, ದಕ್ಷಿಣದವರ ಬಾಯಲ್ಲಿ ಅದು ಶಾರ್ಪ್ಸ್‌ಬರ್ಗ್ ಕದನ.) ಆ ಇಡೀ ದಿನದ ಕಥೆಯನ್ನು ರೈತರ ನೆಲದ ಮೂರು ಜಾಗಗಳನ್ನು ಹಿಡಿದು ಹೇಳಬಹುದು. ಬೆಳಿಗ್ಗೆ ಮಿಲ್ಲರ್ ಎಂಬ ರೈತನ ಮೆಕ್ಕೆಜೋಳದ ಹೊಲ. ಕೊಯ್ಲಿಗೆ ಬಂದಿದ್ದ ಆ ಬೆಳೆಯೊಳಗೆ ನಿಂತವರು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಬಂದೂಕಿನ ತುದಿಯ ಬಯೊನೆಟ್‌ಗಳ ಹೊಳಪು ಮಾತ್ರ ತೆನೆಗಳ ಮೇಲೆ ಕಾಣುತ್ತಿತ್ತು. ಹೊಲದ ಬಹುಭಾಗದಲ್ಲಿ ಒಂದೊಂದು ದಂಟೂ ಚಾಕುವಿನಿಂದ ಕತ್ತರಿಸಿದಷ್ಟು ಬುಡಕ್ಕೆ ತುಂಡಾಗಿತ್ತು, ಸತ್ತವರು ಸಾಲಿನಲ್ಲಿ ನಿಂತಿದ್ದಂತೆಯೇ ಸಾಲಾಗಿ ಬಿದ್ದಿದ್ದರು ಎಂದು ಉತ್ತರದ ಜನರಲ್ ಹುಕರ್ ತನ್ನ ವರದಿಯಲ್ಲಿ ಬರೆದಿದ್ದಾನೆ. ಆ ಹೊಲಕ್ಕೆ ನುಗ್ಗಿದ ಟೆಕ್ಸಾಸ್‌ನ ಒಂದನೆಯ ರೆಜಿಮೆಂಟಿನ 226 ಮಂದಿಯಲ್ಲಿ 186 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ಮಧ್ಯಾಹ್ನದ ಹೊತ್ತಿಗೆ ಯುದ್ಧ ಒಂದು ಓಣಿಗೆ ಸರಿಯಿತು. ವರ್ಷಗಟ್ಟಲೆ ಗಾಡಿಗಳು ಓಡಾಡಿ ಸವೆದು ತಗ್ಗಾಗಿದ್ದ ಆ ದಾರಿ ದಕ್ಷಿಣದ ಸೈನಿಕರಿಗೆ ತೋಡದೆ ದೊರೆತ ಕಂದಕವಾಯಿತು; ಎದುರಾಳಿಗಳು ಪಕ್ಕದಿಂದ ಬಂದು ಉದ್ದಕ್ಕೂ ಗುಂಡು ಹಾರಿಸತೊಡಗಿದಾಗ ಅದೇ ಅವರಿಗೆ ಬಲೆಯಾಯಿತು. ಅಂದಿನಿಂದ ಅದರ ಹೆಸರು ರಕ್ತದ ಓಣಿ. ಮೂರನೆಯದು ಹೊಳೆಯ ಮೇಲಿನ ಕಲ್ಲಿನ ಸೇತುವೆ. ಎದುರಿನ ಗುಡ್ಡದ ಮೇಲಿದ್ದ ಸುಮಾರು 500 ಜಾರ್ಜಿಯಾ ಸೈನಿಕರು ಜನರಲ್ ಬರ್ನ್‌ಸೈಡ್‌ನ ದೊಡ್ಡ ಪಡೆಯನ್ನು ಅಲ್ಲಿ ಸುಮಾರು ಮೂರು ತಾಸು ತಡೆದು ನಿಲ್ಲಿಸಿದರು. ಸೇತುವೆಗೆ ಹೆಸರು ಬಂದದ್ದು ಮಾತ್ರ ತಡೆದವರಿಂದಲ್ಲ, ತಡೆಸಿಕೊಂಡ ಬರ್ನ್‌ಸೈಡ್‌ನಿಂದ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅಮೆರಿಕದ ಸಂಸತ್ತು ಈ ನೆಲದ ಸಂರಕ್ಷಣೆಗೆ ಒಪ್ಪಿಗೆ ಕೊಟ್ಟದ್ದು 1890ರ ಆಗಸ್ಟ್ 30ರಂದು. ಅದೇ ತಿಂಗಳು ಚಿಕಮಾಗ ರಣಭೂಮಿಗೂ ಒಪ್ಪಿಗೆ ದೊರೆತಿತ್ತು, ಆದರೆ ಅಲ್ಲಿ ಸಾವಿರಾರು ಎಕರೆಯನ್ನೇ ಸರ್ಕಾರ ಕೊಳ್ಳಲು ಹೊರಟಿತು. ಆಂಟೀಟಮ್‌ನಲ್ಲಿ ಯುದ್ಧ ಇಲಾಖೆಯ ಅಧಿಕಾರಿ ಜಾರ್ಜ್ ಡೇವಿಸ್ ಬೇರೆ ದಾರಿ ಹಿಡಿದರು. ಸೇನೆಗಳು ನಿಂತಿದ್ದ ಸಾಲುಗಳ ಉದ್ದಕ್ಕೂ ದಾರಿಯಷ್ಟು ಅಗಲದ ಪಟ್ಟಿಗಳನ್ನು ಮಾತ್ರ ಕೊಂಡು, ಅಲ್ಲಿ ರಸ್ತೆ ಮಾಡಿ, ಎರಕದ ಕಬ್ಬಿಣದ ಫಲಕಗಳನ್ನು ನೆಟ್ಟು, ಉಳಿದ ಭೂಮಿಯನ್ನು ರೈತರ ಕೈಯಲ್ಲೇ ಬಿಟ್ಟರೆ ಸಾಕು. ಅವರು ಉತ್ತು ಬಿತ್ತುವಷ್ಟು ಕಾಲ ನೆಲ ತಾನಾಗಿಯೇ ಹಳೆಯ ರೂಪದಲ್ಲಿರುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಇದಕ್ಕೆ ‘ಆಂಟೀಟಮ್ ಯೋಜನೆ’ ಎಂದೇ ಹೆಸರಾಯಿತು. ಫಲಕಗಳ ಬರಹವನ್ನು ಸಿದ್ಧಪಡಿಸಿದವರು ಆ ಕದನದಲ್ಲಿ ಸ್ವತಃ ರೆಜಿಮೆಂಟ್ ನಡೆಸಿದ್ದ ಎಜ್ರಾ ಕಾರ್ಮನ್. ಯಾವ ತುಕಡಿ ಎಷ್ಟು ಹೊತ್ತಿಗೆ ಎಲ್ಲಿತ್ತು ಎಂಬುದನ್ನು ಅವು ಎಷ್ಟು ಬಿಡಿಬಿಡಿಯಾಗಿ ಹೇಳುತ್ತವೆಂದರೆ, ನಕ್ಷೆಯಿಲ್ಲದೆ ಓದುವವರಿಗೆ ತಲೆ ತಿರುಗಿದರೆ ಆಶ್ಚರ್ಯವಿಲ್ಲ.

ಅಗ್ಗದ ಯೋಜನೆ ಅದು, ಆದರೆ ಜಾಣ ಯೋಜನೆ ಎಂದೇ ನಮ್ಮ ಅಭಿಪ್ರಾಯ. ಅದರ ಕೊರತೆ ಆಮೇಲೆ ತಿಳಿಯಿತು: ರೈತ ಭೂಮಿ ಮಾರಿದರೆ ಏನು ಮಾಡುವುದು? ಡಂಕರ್ ಪಂಥದವರ ಚರ್ಚಿನ ಗತಿ ಇದಕ್ಕೆ ಒಳ್ಳೆಯ ಉದಾಹರಣೆ. ಯುದ್ಧವನ್ನೇ ಒಪ್ಪದ ಪಂಥವೊಂದು 1852ರಲ್ಲಿ ಕಟ್ಟಿಕೊಂಡಿದ್ದ, ಗೋಪುರವಿಲ್ಲದ ಆ ಬಿಳಿಯ ಕಟ್ಟಡ ಕದನದ ಬೆಳಿಗ್ಗೆ ಉತ್ತರದ ಸೇನೆಯ ಗುರಿಯಾಗಿತ್ತು. ಗುಂಡುಗಳನ್ನು ತಾಳಿಕೊಂಡ ಚರ್ಚು 1921ರಲ್ಲಿ ಬಿರುಗಾಳಿಗೆ ಕುಸಿಯಿತು. ಆಮೇಲೆ ಆ ಜಾಗದಲ್ಲಿ ಪೆಟ್ರೋಲ್ ಬಂಕ್ ಮತ್ತು ನೆನಪಿನ ವಸ್ತುಗಳ ಅಂಗಡಿ ಎದ್ದವು. ಇಂದು ಪ್ರವಾಸಿಗರು ನೋಡುವುದು ಕದನದ ಶತಮಾನದ ನೆನಪಿಗೆಂದು 1962ರಲ್ಲಿ ಹಳೆಯ ತಳಪಾಯದ ಮೇಲೆ, ಸಿಕ್ಕಷ್ಟು ಹಳೆಯ ಸಾಮಗ್ರಿಯನ್ನು ಬಳಸಿ ಮತ್ತೆ ಕಟ್ಟಿದ ಚರ್ಚನ್ನು. 1933ರಿಂದ ಈ ನೆಲದ ಉಸ್ತುವಾರಿ ರಾಷ್ಟ್ರೀಯ ಉದ್ಯಾನ ಸೇವೆಯದು. ಕ್ರಮೇಣ ಭೂಮಿಯನ್ನು ಕೊಳ್ಳುತ್ತಾ, ಕೊಳ್ಳಲಾಗದ ಕಡೆ ಹೊಸ ಕಟ್ಟಡ ಕಟ್ಟದಂತೆ ಮಾಲೀಕರೊಡನೆ ಕರಾರು ಮಾಡಿಕೊಳ್ಳುತ್ತಾ ಬಂದದ್ದರಿಂದ ಇಂದು ಸಂರಕ್ಷಿತ ಪ್ರದೇಶ 3,000 ಎಕರೆಗೂ ಮೀರಿದೆ. ಅದರ ಬಹುಭಾಗವನ್ನು ರೈತರಿಗೆ ಗುತ್ತಿಗೆಗೆ ಕೊಡಲಾಗುತ್ತದೆ. ಕಡಿದುಹೋಗಿದ್ದ ಕಾಡಿನ ತುಣುಕುಗಳಲ್ಲಿ ಮತ್ತೆ ಸಸಿ ನೆಟ್ಟಿದ್ದಾರೆ. ಬರ್ನ್‌ಸೈಡ್ ಸೇತುವೆಯ ಮೇಲೆ 1966ರವರೆಗೂ ವಾಹನಗಳು ಓಡಾಡುತ್ತಿದ್ದವು. ಬೇರೆ ರಸ್ತೆಯಾದ ಮೇಲೆ ಅದಕ್ಕೆ ಹಳೆಯ ರೂಪ ಕೊಟ್ಟರು.

ಯಾರೂ ಮತ್ತೆ ಮಾಡಬೇಕಾಗಿ ಬಾರದ ಒಂದು ಸಾಕ್ಷಿ ಆ ಸೇತುವೆಯ ಪಕ್ಕದಲ್ಲೇ ಇದೆ. ಕದನವಾದ ಕೆಲವೇ ದಿನಗಳಲ್ಲಿ ಅಲೆಗ್ಸಾಂಡರ್ ಗಾರ್ಡ್ನರ್ ತೆಗೆದ ಚಿತ್ರದಲ್ಲಿ ಸೇತುವೆಯ ಕೊನೆಯ ಗೋಡೆಯ ಬಳಿ ಒಂದು ಎಳೆಯ ಸಿಕಮೋರ್ ಮರ ಕಾಣುತ್ತದೆ. ಅದೇ ಮರ ಈಗ ಸೇತುವೆಯ ಮೇಲೆ ಕೊಂಬೆ ಚಾಚಿ, ಅಗಲ ಬುಡದ ಹೆಮ್ಮರವಾಗಿ ನಿಂತಿದೆ.

ಪ್ರಶ್ನೆ: ಆಂಟೀಟಮ್‌ನಲ್ಲಿ ಒಂದೇ ದಿನ 23,000 ಸೈನಿಕರು ಸತ್ತರೆಂದು ಕೆಲವರು ಬರೆಯುತ್ತಾರೆ, ಇನ್ನು ಕೆಲವರು 3,600 ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸಂಖ್ಯೆಗಳು ಸರಿ, ‘ಸತ್ತರು’ ಎಂಬ ಮಾತು ಮೊದಲನೆಯದಕ್ಕೆ ಸಲ್ಲದು. ಸುಮಾರು 23,000 ಎಂಬುದು ಎರಡೂ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಮತ್ತು ಕಾಣೆಯಾದವರೆಲ್ಲ ಸೇರಿದ ಲೆಕ್ಕ. ಅಂದು ರಣದಲ್ಲೇ ಸತ್ತವರು ಸುಮಾರು 3,650. ಗಾಯಾಳುಗಳಲ್ಲಿ ಅನೇಕರು ಮುಂದಿನ ದಿನ, ವಾರಗಳಲ್ಲಿ ಸತ್ತುದರಿಂದ ಸಾವಿನ ನಿಜವಾದ ಮೊತ್ತ ಇದಕ್ಕಿಂತ ಬಹಳ ದೊಡ್ಡದು. ಪ್ರತಿ ವರ್ಷ ಡಿಸೆಂಬರಿನ ಒಂದು ಸಂಜೆ ಈ ನೆಲದ ಮೇಲೆ ಇಪ್ಪತ್ತಮೂರು ಸಾವಿರ ದೀಪಗಳನ್ನು ಹಚ್ಚಿಡುವುದರಿಂದ ಈ ಗೊಂದಲ ಹೆಚ್ಚಿರಬಹುದು. ಅಲ್ಲಿಯೂ ಒಂದೊಂದು ದೀಪ ಒಂದೊಂದು ಸಾವಿಗಲ್ಲ. ಗಾಯಗೊಂಡವರಿಗೂ ಕಾಣೆಯಾದವರಿಗೂ ಸೇರಿದ್ದು.

ಪ್ರಶ್ನೆ: ಅಲ್ಲಿನ ರಾಷ್ಟ್ರೀಯ ಸಮಾಧಿಭೂಮಿಯಲ್ಲಿ ಎರಡೂ ಕಡೆಯವರ ಸಮಾಧಿಗಳಿವೆಯೆ?

ಉತ್ತರ: ಅಂತರ್ಯುದ್ಧದಲ್ಲಿ ಮಡಿದವರ ಪೈಕಿ ಅಲ್ಲಿರುವವರು ಉತ್ತರದ ಸೈನಿಕರು ಮಾತ್ರ. ಕದನವಾಗಿ ಸರಿಯಾಗಿ ಐದು ವರ್ಷಕ್ಕೆ, 1867ರ ಸೆಪ್ಟೆಂಬರ್ 17ರಂದು ಉದ್ಘಾಟನೆಯಾದ ಆ ಭೂಮಿಯಲ್ಲಿ ಅಂಥವರ 4,776 ಸಮಾಧಿಗಳಿವೆ, ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಯ ಹೆಸರು ತಿಳಿದಿಲ್ಲ. ದಕ್ಷಿಣದವರನ್ನೂ ಅಲ್ಲೇ ಮಣ್ಣು ಮಾಡುವ ಮಾತು ಮೊದಲಿಗಿತ್ತು, ಆದರೆ ಯುದ್ಧ ಮುಗಿದು ಎರಡೇ ವರ್ಷಗಳಾಗಿದ್ದ ಆ ಕಾಲದ ಕಹಿ ಅದಕ್ಕೆ ಅವಕಾಶ ಕೊಡಲಿಲ್ಲ. ಹೊಲಗಳಲ್ಲಿ ಅಲ್ಲಲ್ಲೇ ಹೂತಿದ್ದ ದಕ್ಷಿಣದ ಸೈನಿಕರನ್ನು ತರುವಾಯ ತೆಗೆದು ಹೇಗರ್ಸ್‌ಟೌನ್, ಫ್ರೆಡರಿಕ್ ಮತ್ತು ನದಿಯಾಚೆಯ ಶೆಫರ್ಡ್ಸ್‌ಟೌನ್‌ಗಳ ಸ್ಮಶಾನಗಳಲ್ಲಿ ಮತ್ತೆ ಹೂಳಲಾಯಿತು. ಹೇಗರ್ಸ್‌ಟೌನ್‌ನಲ್ಲಿರುವವರೇ 2,000ಕ್ಕೂ ಹೆಚ್ಚು, ಅವರಲ್ಲಿ ಹೆಸರು ಗೊತ್ತಿರುವವರು ಕೆಲವು ನೂರು ಮಂದಿ ಮಾತ್ರ.