ಹಿರಿಯರ ನೆನಪುಗಳ ಕಾರ್ಯಕ್ರಮಕ್ಕೆ ಹ್ಯುಮ್ಯಾನಿಟೀಸ್ ಕೌನ್ಸಿಲ್‌ನ ಸಣ್ಣ ಅನುದಾನ: ಅರ್ಜಿ ಹೇಗಿರಬೇಕು?

ಅಮೆರಿಕದ ಸಣ್ಣ ಊರೊಂದರ ಕನ್ನಡ ಕೂಟದ ಪರವಾಗಿ ನೀವು ಕೇಳಿದ್ದೀರಿ. ದಶಕಗಳ ಹಿಂದೆ ಇಲ್ಲಿಗೆ ಬಂದ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅವುಗಳ ಕುರಿತು ಸಂವಾದ ನಡೆಸಲು, ಇತಿಹಾಸ, ಸಾಹಿತ್ಯದಂಥ ಮಾನವಿಕ ವಿಷಯಗಳ ಕಾರ್ಯಕ್ರಮಗಳಿಗೆ ನೆರವು ಕೊಡುವ ರಾಜ್ಯದ ಹ್ಯುಮ್ಯಾನಿಟೀಸ್ ಕೌನ್ಸಿಲ್‌ನಿಂದ ಅನುದಾನ ಪಡೆಯುವುದು ಹೇಗೆ, ‘ನಮ್ಮ ಸಂಸ್ಕೃತಿಯನ್ನು ಉಳಿಸಿ ಬೆಳೆಸುವುದು’ ಎಂಬ ಉದ್ದೇಶ ಬರೆದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಇಂಥ ಅರ್ಜಿಗಳನ್ನು ಬರೆದೂ, ಇತರರ ಅರ್ಜಿಗಳನ್ನು ಪರಿಶೀಲನಾ ಸಮಿತಿಯಲ್ಲಿ ಕುಳಿತು ಓದಿಯೂ ಇರುವುದರಿಂದ ಹೇಳುತ್ತೇನೆ: ಅದು ಸಾಲದು. ಕೂಟದ ಸದಸ್ಯರಲ್ಲದ ಊರಿನವರು ಬಂದು ಕುಳಿತು ಯೋಚಿಸಬಹುದಾದ ಒಂದು ಪ್ರಶ್ನೆ ನಿಮ್ಮ ಅರ್ಜಿಯಲ್ಲಿರಬೇಕು.

ಮೊದಲು ಹಣದ ಮೂಲ ತಿಳಿದಿರಲಿ. 1965ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದ ಹ್ಯುಮ್ಯಾನಿಟೀಸ್ ಎಂಬ ಫೆಡರಲ್ ಸಂಸ್ಥೆ ರಾಜ್ಯಗಳಲ್ಲೂ ಇತರ ಆಡಳಿತ ಪ್ರದೇಶಗಳಲ್ಲೂ ಇರುವ 56 ಕೌನ್ಸಿಲ್‌ಗಳಿಗೆ ಹಣ ಕೊಡುತ್ತ ಬಂದಿದೆ. ಅವು ಅದರಲ್ಲಿ ಒಂದು ಭಾಗವನ್ನು ನಿಮ್ಮಂಥ ಸಂಘಗಳಿಗೆ ಹಂಚುತ್ತವೆ. 2025ರ ಏಪ್ರಿಲ್‌ನಲ್ಲಿ ಈ ಫೆಡರಲ್ ಅನುದಾನಗಳನ್ನು ಹಠಾತ್ತನೆ ರದ್ದುಪಡಿಸಲಾಯಿತು. ಮೆಲನ್ ಫೌಂಡೇಷನ್ ಎಂಬ ಖಾಸಗಿ ದತ್ತಿ ಸಂಸ್ಥೆ 1.5 ಕೋಟಿ ಡಾಲರ್‌ಗಳ ತುರ್ತು ನೆರವು ಘೋಷಿಸಿತಾದರೂ ಅದು ಆ ನಷ್ಟವನ್ನು ತುಂಬಿಕೊಡುವಷ್ಟಿರಲಿಲ್ಲ. ಊರೂರಿನ ಗ್ರಂಥಾಲಯಗಳಿಗೂ ಪುಟ್ಟ ವಸ್ತುಸಂಗ್ರಹಾಲಯಗಳಿಗೂ ಇದರಿಂದ ಬಿದ್ದ ಪೆಟ್ಟನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ನಿಮ್ಮ ರಾಜ್ಯದ ಕೌನ್ಸಿಲ್ ಈಗ ಅರ್ಜಿ ಸ್ವೀಕರಿಸುತ್ತಿದೆಯೇ ಎಂದು ಅಲ್ಲಿನ ಕಾರ್ಯಕ್ರಮ ಅಧಿಕಾರಿಗೆ ಫೋನ್ ಮಾಡಿ ಕೇಳುವುದರಿಂದಲೇ ಆರಂಭಿಸಿ. ಹಾಗೆ ಕೇಳುವುದನ್ನು ಅವರು ವಶೀಲಿಯೆಂದು ಭಾವಿಸುವುದಿಲ್ಲ. ಬಹಳಷ್ಟು ಕೌನ್ಸಿಲ್‌ಗಳಲ್ಲಿ ಅರ್ಜಿಯ ಕರಡನ್ನು ಮುಂಚಿತವಾಗಿ ಓದಿ ಸಲಹೆ ಕೊಡುವುದು ಅವರ ಕೆಲಸದ ಭಾಗವೇ ಆಗಿರುತ್ತದೆ.

ಇನ್ನು ಅರ್ಜಿಯ ತಿರುಳು. ರಾಜ್ಯೋತ್ಸವ, ಗಣೇಶನ ಹಬ್ಬ, ಸಂಗೀತ ಸಂಜೆ, ಊಟೋಪಚಾರ ಇವುಗಳಿಗೆ ಈ ಹಣ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಇದು ಇತಿಹಾಸ, ಸಾಹಿತ್ಯ, ಭಾಷೆ, ತತ್ತ್ವಶಾಸ್ತ್ರಗಳಂಥ ವಿಷಯಗಳ ಬಗ್ಗೆ ಸಾರ್ವಜನಿಕರು ಸೇರಿ ಚಿಂತಿಸಲೆಂದು ಮೀಸಲಿಟ್ಟದ್ದು. ನಿಮ್ಮ ವಿಷಯದಲ್ಲಿ ಅಂಥ ಸತ್ವ ಧಾರಾಳವಾಗಿದೆ. ಎಂಡೋಮೆಂಟ್‌ಗೆ ಜನ್ಮ ಕೊಟ್ಟ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಸೆಪ್ಟೆಂಬರ್ 29ರಂದು. ಯಾವ ದೇಶದಿಂದ ಎಷ್ಟು ಜನ ಬರಬಹುದೆಂದು ಮಿತಿ ಹಾಕುತ್ತಿದ್ದ ರಾಷ್ಟ್ರಮೂಲದ ಕೋಟಾವನ್ನು ತೆಗೆದು ಭಾರತೀಯರು ಹೆಚ್ಚಿನ ಸಂಖ್ಯೆಯಲ್ಲಿ ಬರಲು ದಾರಿ ಮಾಡಿದ ವಲಸೆ ಕಾಯ್ದೆಗೆ ಅವರೇ ಸಹಿ ಹಾಕಿದ್ದು ಅಕ್ಟೋಬರ್ 3ರಂದು. ನಿಮ್ಮ ಹಿರಿಯರು ಆ ಎರಡನೆಯ ಕಾಯ್ದೆಯ ನಂತರ ಬಂದವರು. ಹಾಗಾಗಿ ‘ಸಂಸ್ಕೃತಿ ಉಳಿಸುವುದು’ ಎಂಬುದರ ಬದಲು ಹೀಗೆ ಬರೆದು ನೋಡಿ: ‘ಭಾರತಕ್ಕೆ ಫೋನ್ ಮಾಡುವುದು ದುಬಾರಿಯಾಗಿದ್ದು, ಸುದ್ದಿಗಾಗಿ ಏರೋಗ್ರಾಮ್ ಎಂಬ ನೀಲಿ ವಿಮಾನ ಅಂಚೆ ಪತ್ರಕ್ಕೆ ಕಾಯಬೇಕಾಗಿದ್ದ ಕಾಲದಲ್ಲಿ ಒಂದು ಕುಟುಂಬ ತನ್ನ ಭಾಷೆಯನ್ನು ಮಕ್ಕಳಿಗೆ ಹೇಗೆ ದಾಟಿಸಿತು, ಏನನ್ನು ಬಿಟ್ಟುಕೊಟ್ಟಿತು? ಇದೇ ಊರಿಗೆ ಅದಕ್ಕಿಂತ ಮೊದಲು ಬಂದ ವಲಸಿಗರ ಮನೆಗಳಲ್ಲಿ ಇದು ಹೇಗೆ ನಡೆದಿತ್ತು?’ ಎರಡನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಅಜ್ಜ ಜರ್ಮನ್ ಆಡುತ್ತಿದ್ದು ತಾನು ಆಡಲಾರದ ನೆರೆಮನೆಯವರನ್ನೂ ಸಭೆಗೆ ಕರೆತರುವ ವಾಕ್ಯ ಅದು, ಮತ್ತು ಪರಿಶೀಲಕರು ಹುಡುಕುವುದೂ ಅದನ್ನೇ. ಹಿರಿಯರಿಗೆ ತಮ್ಮಲ್ಲಿ ಉಳಿದ ಏರೋಗ್ರಾಮ್‌ಗಳನ್ನು ತರಲು ಹೇಳಿ; ಅವುಗಳನ್ನು ಕನ್ನಡದಲ್ಲೂ ಇಂಗ್ಲಿಷ್ ಅನುವಾದದಲ್ಲೂ ಓದಿದರೆ ಸಂವಾದಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.

ಹಲವು ಕೌನ್ಸಿಲ್‌ಗಳು ವಿಷಯ ಬಲ್ಲ ವಿದ್ವಾಂಸರೊಬ್ಬರ ಪಾಲ್ಗೊಳ್ಳುವಿಕೆಯನ್ನು ಕೇಳುತ್ತವೆ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ವಲಸೆಯ ಇತಿಹಾಸ ಅಥವಾ ದಕ್ಷಿಣ ಏಷ್ಯಾ ಅಧ್ಯಯನ ಕಲಿಸುವವರನ್ನು ಸಂಪರ್ಕಿಸಿ, ಅವರ ಒಪ್ಪಿಗೆ ಪತ್ರವನ್ನು ಲಗತ್ತಿಸಿ. ಅವರಿಗೆ ಕನ್ನಡ ಬರಲೇಬೇಕೆಂದಿಲ್ಲ.

ಬಜೆಟ್‌ನಲ್ಲಿ ಎರಡು ಕಾಲಂ ಇರುತ್ತವೆ: ಕೇಳುವ ಹಣ ಮತ್ತು ನಿಮ್ಮ ಪಾಲು. ಉದಾಹರಣೆಗೆ 2,000 ಡಾಲರ್ ಕೇಳುವುದಾದರೆ ವಿದ್ವಾಂಸರ ಗೌರವಧನಕ್ಕೆ 500, ಧ್ವನಿಮುದ್ರಣಕ್ಕೆ 600, ಮಾತನ್ನು ಬರಹಕ್ಕಿಳಿಸಲು ಮತ್ತು ಅನುವಾದಕ್ಕೆ 700, ಪ್ರಚಾರಕ್ಕೆ 200 ಎಂದು ಬಿಡಿಸಿ ತೋರಿಸಬೇಕು. ಅಷ್ಟೇ ಮೊತ್ತವನ್ನು ನೀವೂ ಹಾಕಬೇಕೆಂಬ ಷರತ್ತು ಕಂಡು ಚಿಕ್ಕ ಕೂಟಗಳು ಹಿಂದೆ ಸರಿಯುವುದುಂಟು. ಆದರೆ ಅದು ನಗದಾಗಿಯೇ ಇರಬೇಕಾಗಿಲ್ಲ. ಗ್ರಂಥಾಲಯ ಉಚಿತವಾಗಿ ಕೊಡುವ ಸಭಾಂಗಣದ ಬಾಡಿಗೆ ಮೌಲ್ಯ, ಸಂದರ್ಶನ ಮಾಡುವ ಸ್ವಯಂಸೇವಕರ ಗಂಟೆಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಮೊದಲ ದಿನದಿಂದಲೇ ಯಾರು ಎಷ್ಟು ಹೊತ್ತು ದುಡಿದರೆಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಪಡೆದಿಡಿ. ಅಂತಿಮ ವರದಿಗೆ ಅದು ಬೇಕು. ಅನುದಾನ ಮಂಜೂರಾಗುವ ಮೊದಲು ಮಾಡಿದ ಖರ್ಚು ಸಾಮಾನ್ಯವಾಗಿ ವಾಪಸು ಬರುವುದಿಲ್ಲ, ಆದ್ದರಿಂದ ಕಾರ್ಯಕ್ರಮದ ದಿನಾಂಕವನ್ನು ಸಾಕಷ್ಟು ಮುಂದಕ್ಕಿಡಿ.

ಕೂಟ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಗಿಲ್ಲದಿದ್ದರೆ ಗ್ರಂಥಾಲಯವೇ ಅರ್ಜಿದಾರನಾಗಿ, ನೀವು ಸಹಭಾಗಿಗಳಾಗಬಹುದು. ಫೆಡರಲ್ ಹಣವಿದ್ದಲ್ಲಿ ಅರ್ಜಿದಾರ ಸಂಸ್ಥೆಗೆ ಸ್ಯಾಮ್ ಡಾಟ್ ಗವ್ (SAM.gov) ಎಂಬ ಸರ್ಕಾರಿ ಜಾಲತಾಣದಿಂದ ಯುಇಐ ಎಂಬ 12 ಅಕ್ಷರ-ಅಂಕಿಗಳ ಗುರುತು ಬೇಕಾಗುತ್ತದೆ. ಅದು ಉಚಿತ; ಮಾಡಿಸಿಕೊಡುತ್ತೇವೆಂದು ಶುಲ್ಕ ಕೇಳುವ ಖಾಸಗಿಯವರಿಗೆ ಹಣ ಕೊಡಬೇಡಿ.

ಸಂದರ್ಶನಕ್ಕೆ ಮುನ್ನ ಪ್ರತಿಯೊಬ್ಬ ಹಿರಿಯರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಕೊಡಿ, ತಮಗೆ ಬೇಡವಾದ ಭಾಗವನ್ನು ತೆಗೆಸುವ ಹಕ್ಕು ಅವರಿಗಿದೆಯೆಂದು ಅದರಲ್ಲೇ ಬರೆಯಿರಿ. ಧ್ವನಿಮುದ್ರಿಕೆಗಳು ಯಾರೋ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಉಳಿಯದಂತೆ ಅವು ಎಲ್ಲಿ ಸಂರಕ್ಷಿತವಾಗುತ್ತವೆ ಎಂಬುದನ್ನೂ ಅರ್ಜಿಯಲ್ಲೇ ತಿಳಿಸಿ: ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗವನ್ನು ಕೇಳಬಹುದು, ಅಥವಾ 2008ರಿಂದ ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರ ದಾಖಲೆಗಳನ್ನು ಸಂಗ್ರಹಿಸುತ್ತಿರುವ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್‌ಗೆ ಬರೆಯಬಹುದು.