ಒಂದು ಮೇಜು ಸಾಕು

ಪ್ರಶ್ನೆ: ನನಗೆ 45 ವರ್ಷ. ಹತ್ತೊಂಬತ್ತು ವರ್ಷದ ಹಿಂದೆ ಕಾನೂನು ಓದುವುದನ್ನು ಅರ್ಧಕ್ಕೆ ಬಿಟ್ಟೆ. ಆ ಪುಸ್ತಕ, ನೋಟ್ಸು ಎಲ್ಲ ಇನ್ನೂ ಮೇಜಿನ ಮೇಲೆ, ಕೆಳಗೆ ತುಂಬಿವೆ. ಈಗ ಚಿತ್ರ ಬಿಡಿಸಲು ಕಲಿಯಬೇಕು ಅಂತ ತುಂಬಾ ಆಸೆ. ಬಣ್ಣ, ಕಾಗದ ತಂದು ಎಂಟು ತಿಂಗಳಾಯಿತು, ಬಿಚ್ಚಿಲ್ಲ. ಮೊದಲು ಮನೆ ಪೂರ್ತಿ ಖಾಲಿ ಮಾಡೋಣ, ಆಮೇಲೆ ಶುರು ಮಾಡೋಣ ಅಂತ ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ. ಆದರೆ ಒಂದು ಪುಸ್ತಕ ಕೈಗೆ ಸಿಕ್ಕರೆ ಸಾಕು, ಕಣ್ಣು ತುಂಬುತ್ತದೆ. ಮತ್ತೆ ಅಲ್ಲೇ ಇಡುತ್ತೇನೆ. ಏನು ಮಾಡಲಿ?

ಉತ್ತರ: ಮನೆ ಪೂರ್ತಿ ಖಾಲಿ ಮಾಡುವ ಯೋಚನೆ ಇವತ್ತೇ ಬಿಡಿ. ಅದು ಮುಗಿಯುವ ಕೆಲಸ ಅಲ್ಲ. ನಿಮಗೆ ಬೇಕಿರುವುದು ಒಂದು ಮೇಜು. ಒಂದು ಹಾಳೆ ಹರಡಿ, ಪಕ್ಕದಲ್ಲಿ ನೀರಿನ ಲೋಟ ಇಟ್ಟು, ಮೊಣಕೈ ಊರುವಷ್ಟು ಜಾಗ. ಅಷ್ಟನ್ನೇ ತೆರವು ಮಾಡಿ, ಅವತ್ತೇ ಬಣ್ಣದ ಡಬ್ಬಿ ಬಿಚ್ಚಿ. ಉಳಿದ ಕೋಣೆಗಳು ಹೇಗಿದ್ದವೋ ಹಾಗೇ ಇರಲಿ.

ಕಣ್ಣು ಯಾಕೆ ತುಂಬುತ್ತದೆ ಅಂತ ನನಗೆ ಗೊತ್ತು. ಪುಸ್ತಕದ ಜೊತೆಗೆ, ವಕೀಲೆ ಆಗಬೇಕು ಅಂತಿದ್ದ ಆ ಹುಡುಗಿಯೂ ಮನೆಯಿಂದ ಆಚೆ ಹೋಗಿಬಿಡುತ್ತಾಳೆ ಅನ್ನುವ ಭಯ ಅದು, ಅಲ್ವಾ?

ನನ್ನ ಹತ್ತಿರ ಒಂದು ಪಿಟೀಲು ಇತ್ತು. ಮೂರು ವರ್ಷ ಕಲಿತು ನಿಲ್ಲಿಸಿದೆ. ಆಮೇಲೆ ಹದಿನಾಲ್ಕು ವರ್ಷ ಅದರ ಪೆಟ್ಟಿಗೆ ಕಿಟಕಿಯ ಕೆಳಗೇ ಇತ್ತು. ನೆಲ ಒರೆಸುವಾಗ ಪಕ್ಕಕ್ಕೆ ಸರಿಸುತ್ತಿದ್ದೆ, ಮತ್ತೆ ಅಲ್ಲೇ ಇಡುತ್ತಿದ್ದೆ. ತೆರೆಯಲು ಮನಸ್ಸು ಬರುತ್ತಿರಲಿಲ್ಲ. ಕೊನೆಗೆ ಒಂದು ದಿನ ತೆರೆದೆ. ಕಮಾನಿನ ಕೂದಲೆಲ್ಲ ಕಿತ್ತುಬಂದು, ಕತ್ತರಿಸಿ ಹಾಕಿದ ಜಡೆಯ ಹಾಗೆ ಒಂದು ಮೂಲೆಯಲ್ಲಿ ಬಿದ್ದಿತ್ತು. ಕಮಾನಿಗೆ ಕಟ್ಟುವುದು ಕುದುರೆ ಬಾಲದ ಕೂದಲು. ಮುಚ್ಚಿಟ್ಟ ಪೆಟ್ಟಿಗೆಯ ಕತ್ತಲೆಯಲ್ಲಿ ಸಣ್ಣ ಹುಳು ಸೇರಿಕೊಂಡು ಅದನ್ನು ತಿನ್ನುತ್ತದೆ. ದಿನಾ ನುಡಿಸುವವರ ಪೆಟ್ಟಿಗೆಗೆ ಗಾಳಿ, ಬೆಳಕು ಆಡುತ್ತದೆ, ಅಲ್ಲಿ ಹುಳುವಿನ ಕಾಟ ಕಮ್ಮಿ. ನಾನೋ, ಇಷ್ಟು ವರ್ಷ ಜೋಪಾನ ಮಾಡಿದ್ದೇನೆ ಅಂದುಕೊಂಡಿದ್ದೆ. ಹೊಸ ಕೂದಲು ಕಟ್ಟಿಸಿ, ತಂತಿ ಬದಲಿಸಿ, ಪಿಟೀಲು ಕಲಿಯುತ್ತಿದ್ದ ಒಬ್ಬ ಹುಡುಗಿಗೆ ಕೊಟ್ಟೆ. ಅವತ್ತು ರಾತ್ರಿ ಅತ್ತುಬಿಟ್ಟೆ ಕೂಡ. ಕಿಟಕಿ ಕೆಳಗೆ ಒಂದು ಕುರ್ಚಿ ಹಾಕಿಕೊಂಡೆ. ಈ ಉತ್ತರ ಬರೆಯುತ್ತಿರುವುದು ಅದರಲ್ಲೇ ಕೂತು.

ಕೈಬಿಡುವುದು ಎಲ್ಲರಿಗೂ ಕಷ್ಟವೇ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಇಬ್ಬರು ಸಂಗಡಿಗರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಒಂದೊಂದು ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಇಲ್ಲದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಕೈಯಲ್ಲಿದ್ದವರು ಹೇಳಿದ ಬೆಲೆ ಹೆಚ್ಚುಕಮ್ಮಿ ಎರಡರಷ್ಟು ಇತ್ತು. ಆ ಮಗ್ ಅವರ ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ನಿಮ್ಮ ಪುಸ್ತಕಗಳಿಗೆ ಹತ್ತೊಂಬತ್ತು ವರ್ಷ. ಹಾಗಾಗಿ ಅಳು ಬಂದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಪುಸ್ತಕಗಳನ್ನು ಯಾರಾದರೂ ವಿದ್ಯಾರ್ಥಿಗೆ ಕೊಡೋಣ ಅನ್ನಿಸಬಹುದು. ಬೇಡ. ಕಾನೂನು ತಿದ್ದುಪಡಿ ಆಗುತ್ತಲೇ ಇರುತ್ತದೆ, ಅಷ್ಟು ಹಳೆಯ ಪಠ್ಯ ದಾರಿ ತಪ್ಪಿಸುತ್ತದೆ. ರದ್ದಿಗೆ ಹಾಕಿ. ನೋಟ್ಸಿನ ವಿಷಯ ಬೇರೆ, ಅದರಲ್ಲಿ ನಿಮ್ಮ ಕೈಬರಹ ಇದೆ. ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ, ಉಳಿದವುಗಳ ಒಂದೆರಡು ಪುಟದ ಫೋಟೊ ತೆಗೆದುಕೊಳ್ಳಿ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹೀಗೆ ಫೋಟೊ ತೆಗೆದುಕೊಳ್ಳಲು ಹೇಳಿದಾಗ ವಿದ್ಯಾರ್ಥಿಗಳು ಜಾಸ್ತಿ ವಸ್ತು ದಾನ ಕೊಟ್ಟರು ಅನ್ನುವುದು 2017ರ ಒಂದು ಅಧ್ಯಯನದಲ್ಲಿದೆ. ನೆನಪು ಉಳಿಯುತ್ತದೆ ಅನ್ನುವ ಧೈರ್ಯ ಇದ್ದರೆ ಕೈ ಸಡಿಲವಾಗುತ್ತದೆ.

ಮೊದಲ ಚಿತ್ರ ಆದಮೇಲೆ ನನಗೆ ಬರೆಯಿರಿ. ಚೆನ್ನಾಗಿ ಬರಬೇಕು ಅಂತೇನಿಲ್ಲ.

ಪ್ರಶ್ನೆ: ಅಮ್ಮನಿಗೆ 71. ಹರಿದ ಚೀಲ, ಹಳೆ ಡಬ್ಬ, ಏನನ್ನೂ ಬಿಸಾಡಲು ಬಿಡುವುದಿಲ್ಲ. ಅವರು ಮನೆಯಲ್ಲಿ ಇಲ್ಲದಾಗ ಎಲ್ಲ ಸಾಗಿಸಿಬಿಡಲೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸುಮ್ನೆ ನಂಬಿಕೆ ಹೋಗುತ್ತದೆ, ಜಾಗ ಮತ್ತೆ ತುಂಬುತ್ತದೆ. ಅವರ ಜೊತೆ ಕೂತು ಒಂದು ಡಬ್ಬ ಮಾತ್ರ ತೆಗೆಯಿರಿ. ಪ್ರತಿಯೊಂದರ ಕಥೆ ಕೇಳಿ. ಆಯ್ಕೆ ಅವರದೇ ಇರಲಿ.

ಒಂದನ್ನು ಮಾತ್ರ ಗಮನಿಸಿ. ಓಡಾಡುವ ದಾರಿ, ಒಲೆ, ಹಾಸಿಗೆ ಕೂಡ ಮುಚ್ಚಿಹೋಗಿದ್ದರೆ, ಒಂದು ವಸ್ತು ಕೊಡುವಾಗಲೂ ಅವರು ವಿಪರೀತ ಸಂಕಟಪಡುತ್ತಿದ್ದರೆ ಅದು ಬರೀ ಅಭ್ಯಾಸ ಇರಲಿಕ್ಕಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿದೆ. ಮಾತಿನ ಮೂಲಕ ಕೊಡುವ ಚಿಕಿತ್ಸೆ ಇದೆ. ಮನೋವೈದ್ಯರ ಹತ್ತಿರ ನೀವೂ ಜೊತೆಗೆ ಹೋಗಿ.

ಪ್ರಶ್ನೆ: ಡ್ರಾಯರ್ ತುಂಬ ಹಳೆ ಫೋನು, ಚಾರ್ಜರು. ಮುಂದೆ ಬೇಕಾದೀತು ಅಂತ ಇಟ್ಟಿದ್ದೇನೆ.

ಉತ್ತರ: ಯಾವ ಚಾರ್ಜರ್ ಯಾವುದರದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಅದು ಬೇಕಾಗುವುದಿಲ್ಲ. ಫೋನಿನಲ್ಲಿರುವ ಫೋಟೊ ಬೇರೆ ಕಡೆ ಉಳಿಸಿ, ಒಳಗಿನದ್ದೆಲ್ಲ ಅಳಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಯಾವುದಾದರೂ ಫೋನಿನ ಬೆನ್ನು ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಅದನ್ನು ಇವತ್ತೇ ಬೇರೆ ಎತ್ತಿಡಿ, ಮನೆಯ ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ.