ಸಿ ಡ್ರೈವ್ ಕೆಂಪಾಗಿದೆ, ಏನು ಅಳಿಸಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಕಂಪ್ಯೂಟರಿನಲ್ಲಿ ಜಾಗ ಇಲ್ಲ. ಉಡುಪಿ ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ನನ್ನ ಡಿಟಿಪಿ ಮತ್ತು ಸರ್ವಿಸ್ ಅಂಗಡಿಗೂ ವಾರಕ್ಕೆ ಮೂರು ನಾಲ್ಕು ಲ್ಯಾಪ್‌ಟಾಪ್ ಇದೇ ಕಾಯಿಲೆ ಹೊತ್ತುಕೊಂಡು ಬರುತ್ತವೆ. ಹಾಗಾಗಿ ನಾಲ್ಕು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿಯೇ ಬರೆದಿದ್ದೇನೆ, ಯಾಕೆಂದರೆ ಅದರಲ್ಲಿ ಎಲ್ಲರ ಪ್ರಶ್ನೆಯೂ ಇದೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ನಿವೃತ್ತ ಶಿಕ್ಷಕ. ಆಟದ ಹುಚ್ಚು ಇದೆ. ಊರ ಸುತ್ತಮುತ್ತ ನಡೆಯುವ ಯಕ್ಷಗಾನವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತೇನೆ. 256 ಜಿಬಿ ಎಂದು ಹೇಳಿ ಕೊಟ್ಟದ್ದು ಒಳಗೆ 238 ಎಂದು ತೋರಿಸುತ್ತದೆ. ಅದರಲ್ಲೂ ಈಗ 4 ಜಿಬಿ ಮಾತ್ರ ಉಳಿದಿದೆ, ಗೆರೆ ಕೆಂಪಾಗಿದೆ. ಮೊಮ್ಮಗಳ ಫೋಟೋ ಸುಮಾರು ಅಳಿಸಿದೆ, ಜಾಗ ಒಂಚೂರೂ ಹೆಚ್ಚಾಗಲಿಲ್ಲ. ವಿಂಡೋಸ್ ಫೋಲ್ಡರಿನಲ್ಲಿ ವಿನ್‌ಎಸ್‌ಎಕ್ಸ್‌ಎಸ್ ಎಂಬುದು 11 ಜಿಬಿ ತಿನ್ನುತ್ತಿದೆ. ಅದನ್ನು ತೆಗೆದುಬಿಡಲೇ? ಬೆಂಗಳೂರಿನಲ್ಲಿರುವ ಮಗ ಹೊಸದೇ ತೆಗೆದುಕೊಳ್ಳಿ ಎನ್ನುತ್ತಾನೆ.
– ಓದುಗರು, ಬ್ರಹ್ಮಾವರ

ಉತ್ತರ: ಮಾಷ್ಟ್ರೇ, ಈ ಪುಟ ಪಕ್ಕಕ್ಕಿಟ್ಟು ಮೊದಲು ರೀಸೈಕಲ್ ಬಿನ್ ತೆರೆದು ನೋಡಿ. ಮೊಮ್ಮಗಳ ಫೋಟೋಗಳು ಅಲ್ಲೇ ಇರಬಹುದು. ಇದ್ದರೆ ವಾಪಸ್ ತನ್ನಿ. ಡಿಲೀಟ್ ಒತ್ತಿದರೆ ಫೈಲು ಆ ಬುಟ್ಟಿಗೆ ಹೋಗಿ ಕೂರುತ್ತದೆ ಅಷ್ಟೇ. ಬುಟ್ಟಿ ಖಾಲಿ ಮಾಡುವವರೆಗೆ ಜಾಗ ಸಿಗುವುದಿಲ್ಲ. ಅದಕ್ಕೇ ನಿಮಗೆ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಮಾತು. ಫೋನಿನ ಫೋಟೋ ಒಂದಕ್ಕೆ 3-4 ಎಂಬಿ ಇರುತ್ತದೆ. ಸಾವಿರ ಫೋಟೋ ಅಳಿಸಿದರೆ 4 ಜಿಬಿ ಸಿಕ್ಕೀತು. ನಿಮ್ಮ ಆಟದ ಲೆಕ್ಕ ನೋಡಿ. ಫುಲ್ ಎಚ್‌ಡಿಯಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 7ರಿಂದ 9 ಜಿಬಿ ಆಗುತ್ತದೆ. ಸಂಜೆ 7ಕ್ಕೆ ಶುರುವಾಗಿ ರಾತ್ರಿ 12ಕ್ಕೆ ಮುಗಿಯುವ ಕಾಲಮಿತಿ ಆಟವೇ 40 ಜಿಬಿ ಹತ್ತಿರ ಬಂತು. ಐದು ಆಟಕ್ಕೆ ನಿಮ್ಮ ಲ್ಯಾಪ್‌ಟಾಪ್ ಭರ್ತಿ. ಜಾಗ ತಿನ್ನುತ್ತಿರುವುದು ಮೊಮ್ಮಗಳಲ್ಲ.

238ರ ವಿಷಯದಲ್ಲಿ ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು ನೂರು ಕೋಟಿ ಬೈಟಿಗೆ ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ 107 ಕೋಟಿ ಚಿಲ್ಲರೆ ಬೈಟಿಗೆ ಒಂದು ಜಿಬಿ ಎಂದು ಎಣಿಸುತ್ತದೆ. ಮಲ್ಲಿಗೆ ಅಷ್ಟೇ ಇದೆ, ಒಬ್ಬರು ಚೆಂಡಿನಲ್ಲಿ ಹೇಳಿದರು, ಇನ್ನೊಬ್ಬರು ಅಟ್ಟೆಯಲ್ಲಿ ಹೇಳಿದರು. 512 ಜಿಬಿ ತಂದರೂ ಒಳಗೆ 477ರ ಹತ್ತಿರವೇ ಕಾಣುತ್ತದೆ.

ಈಗ ವಿನ್‌ಎಸ್‌ಎಕ್ಸ್‌ಎಸ್. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ವಿಂಡೋಸಿನ ಬಿಡಿಭಾಗಗಳೆಲ್ಲ ಅಲ್ಲಿರುತ್ತವೆ. ಒಂದೇ ಫೈಲಿಗೆ ಎರಡು ಮೂರು ಕಡೆ ಹೆಸರು ಕೊಟ್ಟಿರುತ್ತಾರೆ, ಎಣಿಸುವಾಗ ಅದು ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ 11 ಜಿಬಿ ಎಂದು ಕಂಡರೂ ನಿಜವಾಗಿ ಹಿಡಿದಿರುವ ಜಾಗ ಅದಕ್ಕಿಂತ ಕಡಿಮೆ. ಅದನ್ನು ಕೈಯಾರೆ ಅಳಿಸಿ, ಮರುದಿನ ಆನ್ ಆಗದ ಯಂತ್ರ ಹಿಡಿದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಸಿ ಡ್ರೈವಿನಲ್ಲಿ ಅಡಗಿರುವ ಪೇಜ್‌ಫೈಲ್, ಹೈಬರ್‌ಫಿಲ್ ಎಂಬ ದೊಡ್ಡ ಫೈಲುಗಳೂ ಹಾಗೆಯೇ. ಮೊದಲನೆಯದು ರ‍್ಯಾಮ್ ಸಾಲದಾಗ ಬೇಕಾಗುತ್ತದೆ. ಎರಡನೆಯದು ಲ್ಯಾಪ್‌ಟಾಪ್ ಬೇಗ ಆನ್ ಆಗಲಿ ಎಂದು ಇಟ್ಟದ್ದು. 8 ಜಿಬಿ ರ‍್ಯಾಮ್ ಇದ್ದರೆ ಸುಮಾರು 3 ಜಿಬಿ ಇರುತ್ತದೆ. ಅಷ್ಟಕ್ಕೋಸ್ಕರ ತಲೆ ಕೆಡಿಸಿಕೊಳ್ಳುವುದು ಬೇಡ.

ನೀವು ಧೈರ್ಯವಾಗಿ ಮಾಡಬಹುದಾದದ್ದು ಇದು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅಲ್ಲಿ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಹಳೆಯ ಅಪ್‌ಡೇಟಿನ ಚೂರುಪಾರು, ತಾತ್ಕಾಲಿಕ ಫೈಲು, ರೀಸೈಕಲ್ ಬಿನ್ ಎಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಇತ್ತೀಚೆಗೆ ವಿಂಡೋಸ್ 10ರಿಂದ 11ಕ್ಕೆ ಬಂದಿದ್ದರೆ ಹಳೆಯ ವಿಂಡೋಸ್ ಕೂಡ ಅಲ್ಲೇ ಇರುತ್ತದೆ. ಅದೊಂದೇ ಕೆಲವೊಮ್ಮೆ 20 ಜಿಬಿ ದಾಟುತ್ತದೆ. ಹೊಸದು ಸರಿಯಾಗಿ ನಡೆಯುತ್ತಿದ್ದರೆ ತೆಗೆಯಬಹುದು. ನೀವು ಸುಮ್ನೆ ಇದ್ದರೂ ಹತ್ತು ದಿನ ಕಳೆದ ಮೇಲೆ ವಿಂಡೋಸ್ ತಾನಾಗಿ ಅದನ್ನು ತೆಗೆಯುತ್ತದೆ. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇದೆ. ಅದಕ್ಕೆ ಮಾತ್ರ ಟಿಕ್ ಹಾಕಬೇಡಿ. ಪಿಂಚಣಿಯ ಕಾಗದ, ಆಧಾರ್ ಪ್ರತಿ, ಪಹಣಿ ಎಲ್ಲ ನಮ್ಮವರು ಡೌನ್‌ಲೋಡ್ಸ್‌ನಲ್ಲೇ ಬಿಟ್ಟಿರುತ್ತಾರೆ. ಅದನ್ನು ಒಂದೊಂದಾಗಿ ತೆರೆದು ನೋಡಿಯೇ ಬಿಡಿಸಬೇಕು.

ಆಮೇಲೆ ವಿಜ್‌ಟ್ರೀ ಅಥವಾ ವಿನ್‌ಡಿರ್‌ಸ್ಟಾಟ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಮನೆಬಳಕೆಗೆ ದುಡ್ಡು ಕೊಡಬೇಕಿಲ್ಲ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಬಣ್ಣದ ಚೌಕಗಳಾಗಿ ತೋರಿಸುತ್ತದೆ, ಗದ್ದೆಯ ನಕ್ಷೆಯ ಹಾಗೆ. ದೊಡ್ಡ ಗದ್ದೆ ಯಾರದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೋದ ತಿಂಗಳು ಕೋಲದ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬ ಬಂದಿದ್ದ. ವಿಡಿಯೋ ಎಲ್ಲ ಅಳಿಸಿ ಆಗಿದೆ ಅಕ್ಕ, ಆದರೂ ಫುಲ್ ಅಂದ. ಚೌಕ ಹಾಕಿ ನೋಡಿದರೆ ಅರ್ಧ ಪರದೆ ಒಂದೇ ಬಣ್ಣ. ಕಣ್ಣಿಗೆ ಕಾಣದ ಆಪ್‌ಡೇಟಾ ಫೋಲ್ಡರಿನಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಟ್ಟ ಕ್ಯಾಶ್, ಅಂದರೆ ತಾತ್ಕಾಲಿಕ ಫೈಲುಗಳ ರಾಶಿ, 90 ಜಿಬಿ ಮುಟ್ಟಿತ್ತು. ಆ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲೇ ಕ್ಯಾಶ್ ಅಳಿಸುವ ಗುಂಡಿ ಇತ್ತು. ಒತ್ತಿದೆವು. ಎರಡು ನಿಮಿಷದ ಕೆಲಸ. ಅದಕ್ಕೆ ನಾನು ಎಲ್ಲರಿಗೂ ಹೇಳುವುದು, ಅಳಿಸುವ ಮೊದಲು ಅಳೆಯಿರಿ.

ಮಾಷ್ಟ್ರೇ, ನಿಮ್ಮ ಚೌಕಗಳಲ್ಲಿ ಆಟವೇ ಕಾಣುತ್ತದೆ ಎಂದು ನನಗೆ ಈಗಲೇ ಗೊತ್ತು. ಅದನ್ನು ಅಳಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಮೊದಲು ಒಂದೇ ಆಟ ಎರಡು ಮೂರು ಕಡೆ ಇದೆಯೇ ನೋಡಿ. ಫೋನಿನಿಂದ ಹಾಕುವಾಗ ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ 2 ಎಂದು ಮತ್ತೆ ಮತ್ತೆ ಕಾಪಿ ಆಗಿರುತ್ತದೆ, ಇದು ತುಂಬಾ ಸಾಮಾನ್ಯ. ಭಾಗವತಿಕೆ ಕೇಳುವುದಕ್ಕಷ್ಟೇ ಇಟ್ಟುಕೊಂಡ ಆಟಗಳಿದ್ದರೆ ಅವುಗಳ ಧ್ವನಿ ಮಾತ್ರ ತೆಗೆದು ಎಂಪಿ3 ಮಾಡಬಹುದು. ಗಂಟೆಗೆ 60 ಎಂಬಿ ಸಾಕು. ವಿಡಿಯೋವೇ ಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಎಚ್ 265 ಎಂಬ, ವಿಡಿಯೋವನ್ನು ಇನ್ನಷ್ಟು ಒತ್ತಿಡುವ ವಿಧಾನಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಅದು ಇಡೀ ರಾತ್ರಿಯ ಕೆಲಸ. ಬದಲಿಸಿದ ಫೈಲನ್ನು ಶುರು, ನಡು, ಕೊನೆ ಮೂರೂ ಕಡೆ ನೋಡಿದ ಮೇಲೆಯೇ ಮೂಲವನ್ನು ಮುಟ್ಟಿ.

ಇಷ್ಟು ಎಚ್ಚರಿಕೆ ಹೇಳುವುದಕ್ಕೆ ಕಾರಣ ಇದೆ. ನನ್ನ ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಮನೆಯ ಚಾವಡಿಯಲ್ಲಿ ನಡೆದ ಒಂದು ಕೂಟದ ಕ್ಯಾಸೆಟ್ ಇತ್ತು. ಅಪ್ಪ ಕರ್ಣ. ಅವರು ತೀರಿಹೋದ ಮೇಲೆ ನಾನೇ ಅದನ್ನು ಕಂಪ್ಯೂಟರಿಗೆ ಹಾಕಿದೆ. ಒಂದು ಸಂಜೆ ಗಿರಾಕಿಯ ಆಮಂತ್ರಣ ಪತ್ರಿಕೆ ಅರ್ಜೆಂಟ್ ಪ್ರಿಂಟ್ ಆಗಬೇಕಿತ್ತು, ಡಿಸ್ಕ್ ಫುಲ್ ಎಂದು ಸಾಫ್ಟ್‌ವೇರ್ ನಿಂತುಹೋಯಿತು. ಕೈಗೆ ಸಿಕ್ಕ ಹೆಸರಿಲ್ಲದ ಫೋಲ್ಡರುಗಳನ್ನು ಶಿಫ್ಟ್ ಒತ್ತಿ ಡಿಲೀಟ್ ಮಾಡಿದೆ. ಹಾಗೆ ಮಾಡಿದರೆ ಬುಟ್ಟಿಗೂ ಹೋಗುವುದಿಲ್ಲ. ಅಪ್ಪನ ದನಿ ಅದರಲ್ಲೇ ಇತ್ತೆಂದು ಗೊತ್ತಾಗುವಾಗ ನಾಲ್ಕು ದಿನ ಕಳೆದಿತ್ತು. ಆ ನಾಲ್ಕು ದಿನವೂ ಅದೇ ಡಿಸ್ಕಿನಲ್ಲಿ ಕೆಲಸ ನಡೆದಿತ್ತು, ಹಳೆಯದರ ಮೇಲೆ ಹೊಸದು ಕೂತಾಗಿತ್ತು. ಅಟ್ಟದಿಂದ ಕ್ಯಾಸೆಟ್ ಇಳಿಸಿ ನೋಡಿದರೆ ಟೇಪಿನ ಮೇಲೆ ಬಿಳಿ ಬೂಸ್ಟು. ಏನೂ ಕೇಳಲಿಲ್ಲ. ಇವತ್ತಿಗೂ ಕರ್ಣಾರ್ಜುನ ಪ್ರಸಂಗ ಇದ್ದಲ್ಲಿಗೆ ಹೋದರೆ ನನಗೆ ಕೂರಲಾಗುವುದಿಲ್ಲ.

ನಿಮಗೂ ತಪ್ಪಿ ಏನಾದರೂ ಅಳಿಸಿಹೋದರೆ ಆ ಕ್ಷಣಕ್ಕೇ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮೇಲೆ ಬೇರೇನೂ ಬೀಳದಿದ್ದರೆ ವಾಪಸ್ ಬರುವ ಸಾಧ್ಯತೆ ಇದೆ. ನಿಮ್ಮದರಲ್ಲಿ ಇರುವಂಥ, ಚಿಪ್ಪಿನಲ್ಲಿ ಫೈಲು ಇಡುವ ಎಸ್‌ಎಸ್‌ಡಿಯಲ್ಲಿ ಆ ಭಾಗ್ಯ ಕಡಿಮೆ. ಅಳಿಸಿದ ಜಾಗವನ್ನು ಅದು ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಸ್ವಚ್ಛ ಮಾಡಿಬಿಡುತ್ತದೆ.

ಹೊಸ ಲ್ಯಾಪ್‌ಟಾಪ್ ಈಗ ಬೇಡ. ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎರಡು ತೆಗೆದುಕೊಳ್ಳಿ. ಎರಡು ಯಾಕೆ ಅಂತ ಕೇಳುತ್ತೀರಿ ಅಲ್ವಾ? ಲ್ಯಾಪ್‌ಟಾಪಿನಿಂದ ತೆಗೆದು ಒಂದೇ ಡಿಸ್ಕಿಗೆ ಹಾಕಿದರೆ ಆಗಲೂ ಇರುವುದು ಒಂದೇ ಪ್ರತಿ. ಅದು ಕೈಜಾರಿ ಬಿದ್ದರೆ ಮುಗಿಯಿತು. ಎರಡರಲ್ಲೂ ಕಾಪಿ ಮಾಡಿ, ಎರಡರಲ್ಲೂ ತೆರೆದು ನೋಡಿ, ಆಮೇಲೆ ಲ್ಯಾಪ್‌ಟಾಪಿನದ್ದನ್ನು ಅಳಿಸಿ. ಒಂದು ಡಿಸ್ಕ್ ಮಗನ ಮನೆಯಲ್ಲಿರಲಿ. ಇನ್ನೊಂದನ್ನು ಮುಚ್ಚಳ ಗಟ್ಟಿಯಾದ ಡಬ್ಬಿಯಲ್ಲಿ, ಹೊಸ ಬ್ಯಾಗು ಚಪ್ಪಲಿಗಳ ಜೊತೆ ಬರುತ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನಮ್ಮ ಕರಾವಳಿಯ ಆಟಿ ತಿಂಗಳ ತೇವಕ್ಕೆ ಬೀರುವಿನೊಳಗಿನ ಸೀರೆಯೇ ಬೂಸ್ಟು ಹಿಡಿಯುತ್ತದೆ. ಗುಡುಗು ಶುರುವಾದರೆ ಕಾಪಿ ಮಾಡುವುದನ್ನು ಮುಂದಕ್ಕೆ ಹಾಕಿ, ಪ್ಲಗ್ ಕಿತ್ತುಬಿಡಿ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವಲ್ಲ, ಆ ವಾರವನ್ನೇ ಇದಕ್ಕೆ ಇಟ್ಟುಕೊಳ್ಳಿ. ವರ್ಷದ ತಿರುಗಾಟದ ಆಟಗಳಿಗೆಲ್ಲ ಪ್ರಸಂಗ, ಮೇಳ, ಊರು, ತಾರೀಕು ಬರೆದು ಹೆಸರಿಡಿ. ಲ್ಯಾಪ್‌ಟಾಪಿನಲ್ಲಿ ಕನಿಷ್ಠ 30 ಜಿಬಿ ಖಾಲಿ ಬಿಡಿ. ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಉಳಿದಾಗ ಗೆರೆ ಕೆಂಪಾಗುವುದು.

ಪ್ರಶ್ನೆ: ಅಕ್ಕಾ, ನಮ್ಮದು ಮಂಗಳೂರು ಹಂಪನಕಟ್ಟೆಯಲ್ಲಿ ಲೆಕ್ಕಪತ್ರ ಬರೆಯುವ ಆಫೀಸು. ಸಿ ಡ್ರೈವ್ 100 ಜಿಬಿ, ತುಂಬಿದೆ. ಡಿ ಡ್ರೈವ್ 350 ಜಿಬಿಗಿಂತ ಜಾಸ್ತಿ, ಖಾಲಿ ಬಿದ್ದಿದೆ. ಪ್ರೋಗ್ರಾಂ ಫೈಲ್ಸ್ ಕಟ್ ಮಾಡಿ ಡಿಗೆ ಹಾಕಬಹುದಾ? ಬ್ಯಾಕಪ್ ಕೂಡ ಡಿಯಲ್ಲೇ ಇಡುತ್ತೇವೆ.
– ಓದುಗರು, ಮಂಗಳೂರು

ಉತ್ತರ: ಪ್ರೋಗ್ರಾಂ ಫೈಲ್ಸ್ ಕಟ್ ಮಾಡಬೇಡಿ, ಯಾವ ಸಾಫ್ಟ್‌ವೇರೂ ತೆರೆಯುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರನ್ನು ಸ್ಥಳ ಬದಲಿಸಿದರೆ ಸಾಕು. ಡಿಯಲ್ಲಿ ಮೊದಲು ಮೂರು ಬೇರೆ ಬೇರೆ ಫೋಲ್ಡರ್ ಮಾಡಿ. ಆಮೇಲೆ ಒಂದೊಂದರ ಪ್ರಾಪರ್ಟೀಸಿನಲ್ಲಿ ಲೊಕೇಶನ್ ಎಂಬಲ್ಲಿ ಹೋಗಿ ಮೂವ್ ಒತ್ತಿ, ಅದರದ್ದೇ ಫೋಲ್ಡರ್ ತೋರಿಸಿ. ಫೋಲ್ಡರ್ ಮಾಡದೆ ಸೀದಾ ಡಿ ಡ್ರೈವನ್ನೇ ತೋರಿಸಿದರೆ ಎಲ್ಲ ಕಲಸಿಹೋಗುತ್ತದೆ, ಬಿಡಿಸುವುದು ಬಲು ಕಷ್ಟ. ಒನ್‌ಡ್ರೈವ್ ಈ ಫೋಲ್ಡರುಗಳನ್ನು ಬ್ಯಾಕಪ್ ಮಾಡುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಬ್ಯಾಕಪ್ ವಿಷಯ ನನಗೆ ಹೆಚ್ಚು ಚಿಂತೆ ತಂದಿತು. ಸಿ, ಡಿ ಎಂದರೆ ಹೆಚ್ಚಾಗಿ ಒಂದೇ ಮಾಡಿನ ಕೆಳಗಿನ ಎರಡು ಕೋಣೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಇವತ್ತೇ ಸಂಜೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆಯಿರಿ. ಟ್ಯಾಲಿಯ ದಿನದಿನದ ಬ್ಯಾಕಪ್‌ಗಳು ರಾಶಿ ಬಿದ್ದಿದ್ದರೆ ಹಳೆಯವನ್ನು ತೆಗೆಯಬಹುದು, ಆದರೆ ಪ್ರತಿ ವರ್ಷದ ಮಾರ್ಚ್ 31ರದ್ದು ಇರಲಿ. ಜಿಎಸ್‌ಟಿ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಕಾನೂನೇ ಇದೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಇಂಟರ್ನೆಟ್ ನೋಡುವಾಗ ‘ನಿಮ್ಮ ಡಿಸ್ಕ್ ತುಂಬಿದೆ, ಕ್ಲೀನರ್ ಹಾಕಿ’ ಎಂದು ಬರುತ್ತದೆ. ಹಾಕಲೇ?
– ಓದುಗರು, ಕಾಪು

ಉತ್ತರ: ಬೇಡ. ನಿಮ್ಮ ಡಿಸ್ಕ್ ತುಂಬಿದೆಯೋ ಇಲ್ಲವೋ ಆ ಜಾಹೀರಾತಿಗೆ ಗೊತ್ತಾಗುವುದಿಲ್ಲ. ರಿಜಿಸ್ಟ್ರಿ, ಅಂದರೆ ವಿಂಡೋಸಿನ ಸೆಟ್ಟಿಂಗುಗಳ ಪಟ್ಟಿ, ಸ್ವಚ್ಛ ಮಾಡುತ್ತೇವೆ ಎನ್ನುವವುಗಳಿಂದ ಜಾಗವೇನೂ ಉಳಿಯದು. ಮೇಲೆ ಮಾಷ್ಟ್ರಿಗೆ ಹೇಳಿದ ಟೆಂಪರರಿ ಫೈಲ್ಸ್ ದಾರಿಯೇ ಸಾಕು.

ಪ್ರಶ್ನೆ: ಅಕ್ಕಾ, ಜಾಗ ಮಾಡೋಣ ಎಂದು ಬೇಡದ ಫಾಂಟುಗಳನ್ನೆಲ್ಲ ತೆಗೆದೆ. ಈಗ ನಮ್ಮ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿದೆ. ಇನ್ನೂರು ಪುಟ. ಎಲ್ಲ ಹಾಳಾಯಿತಾ?
– ಓದುಗರು, ಕಾರ್ಕಳ

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ಆ ಸಂಚಿಕೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಮಾಡಿರಬೇಕು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ತೆಗೆದರೆ ಒಳಗಿನ ಇಂಗ್ಲಿಷ್ ಗುರುತು ಮೇಲೆ ಕಾಣುತ್ತದೆ. ನೀವು ಬರೆದದ್ದು ಅದರ ಕೆಳಗೆ ಹಾಗೆಯೇ ಇದೆ. ನುಡಿ ತಂತ್ರಾಂಶವನ್ನು ಮತ್ತೆ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಫೈಲು ತೆರೆಯಿರಿ. ಅಲ್ಲಿಯವರೆಗೆ ಆ ಫೈಲಿನಲ್ಲಿ ಬೇರೆ ಫಾಂಟ್ ಆರಿಸಿ ಸೇವ್ ಮಾಡಬೇಡಿ. ಕನ್ನಡದ ಒಂದು ಫಾಂಟ್ ಒಂದು ಫೋಟೋದಷ್ಟು ಜಾಗವನ್ನೂ ತಿನ್ನುವುದಿಲ್ಲ, ಇನ್ನು ಮೇಲೆ ಅವುಗಳನ್ನು ತೆಗೆಯಬೇಡಿ. ಸಂಚಿಕೆ ಸರಿಯಾಗಿ ತೆರೆದುಕೊಂಡ ತಕ್ಷಣ ಒಂದು ಪಿಡಿಎಫ್ ಮಾಡಿ, ದೇವಸ್ಥಾನದ ಆಫೀಸಿನ ಕಂಪ್ಯೂಟರಿಗೂ ಒಂದು ಪ್ರತಿ ಕೊಡಿ. ಫಾಂಟ್ ಹಾಕಿದ ಮೇಲೂ ಬಾರದಿದ್ದರೆ ಫೈಲನ್ನು ಪೆನ್‌ಡ್ರೈವಿನಲ್ಲಿ ತನ್ನಿ, ಕೂತು ನೋಡೋಣ.